ಹಳಿಯ ಬೆಲೆ ಕೊಟ್ಟವರು ಯಾರು?

2024ರ ಜನವರಿ 12ರಂದು ಪ್ರಧಾನಮಂತ್ರಿಗಳು ನವಿ ಮುಂಬಯಿಗೆ ಬಂದಿದ್ದರು. ಅಂದು ಉದ್ಘಾಟನೆಯಾದ ಕಾಮಗಾರಿಗಳಲ್ಲಿ ದೇಶದ ಕಣ್ಣೆಲ್ಲ ಒಂದರ ಮೇಲೆಯೇ ನೆಟ್ಟಿತ್ತು. ಅದು ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ ಸಮುದ್ರ ದಾಟುವ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು. 17,840 ಕೋಟಿ ರೂಪಾಯಿಯ ಯೋಜನೆ, ಜಪಾನಿನ ಸಾಲ. ಕಾರಿಗೆ ಒಂದು ಸಲ ದಾಟಲು 250 ರೂಪಾಯಿ ಟೋಲ್. ಬೈಕಿಗೆ, ರಿಕ್ಷಾಕ್ಕೆ ಅಲ್ಲಿ ಪ್ರವೇಶವೇ ಇಲ್ಲ.

ಅದೇ ದಿನ ಇನ್ನೂ ಎರಡು ಸಣ್ಣ ಸಂಗತಿಗಳು ನಡೆದವು. ಖಾರ್‌ಕೋಪರ್‌ನಿಂದ ಉರಣ್‌ವರೆಗಿನ ಲೋಕಲ್ ರೈಲು ಶುರುವಾಯಿತು. ಥಾಣೆ–ವಾಶಿ ಮಾರ್ಗದಲ್ಲಿ ದಿಘಾ ಗಾಂವ್ ಎಂಬ ಹೊಸ ಸ್ಟೇಷನ್ ತೆರೆಯಿತು. ಉರಣ್‌ನಿಂದ ನೆರೂಳಿಗೆ ಎರಡನೆಯ ದರ್ಜೆಯ ಟಿಕೆಟ್ ಇಪ್ಪತ್ತು ರೂಪಾಯಿಯ ಒಳಗೆ. ಮರುದಿನದ ಪತ್ರಿಕೆಗಳಲ್ಲಿ ಸೇತುವೆಯ ಚಿತ್ರಗಳಿದ್ದವು, ರೈಲಿನದು ಹುಡುಕಿ ನೋಡಬೇಕಾದ ಸುದ್ದಿ.

ಒಂದು ಊರಿನ ರಸ್ತೆಗೆ, ಹಳಿಗೆ, ಸೇತುವೆಗೆ ದುಡ್ಡು ಎಲ್ಲಿಂದ ಬರುತ್ತದೆ? ಇದನ್ನು ಬಳಸುವವರು ಕೊಡಬೇಕೇ, ಬಳಸದ ತೆರಿಗೆದಾರರೂ ಕೊಡಬೇಕೇ, ಅಥವಾ ಹಳಿ ಬಂದ ಮೇಲೆ ಯಾರ ಜಾಗದ ಬೆಲೆ ಏರಿತೋ ಅವರು ಕೊಡಬೇಕೇ? ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿ ಎಂಬ ನಾಲ್ಕು ಊರುಗಳು ನೂರೆಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟಿವೆ. ಈ ಪ್ರಶ್ನೆಯ ಜೊತೆಗೇ ಅರುವತ್ತು ವರ್ಷ ಬದುಕಿದ ಒಬ್ಬ ಎಂಜಿನಿಯರ್ 2024ರ ಡಿಸೆಂಬರಿನಲ್ಲಿ, 92ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು. ಅವರ ಹೆಸರು ಶಿರೀಷ್ ಪಟೇಲ್.

ಐದು ಪರ್ಸೆಂಟಿನ ರೈಲು

ಮೊದಲ ಉತ್ತರ ಲಂಡನ್ನಿನಿಂದ ಬಂತು. 1849ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪನಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಮುಂಬಯಿಯಿಂದ ಕಲ್ಯಾಣ್ ಕಡೆಗೆ ಒಂದು ಪ್ರಾಯೋಗಿಕ ಮಾರ್ಗ, ಐದು ಲಕ್ಷ ಪೌಂಡ್ ಬಂಡವಾಳ. ಜಾಗ ಸರಕಾರದ್ದು. ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡಾ 5 ಬಡ್ಡಿ ಖಾತರಿ. ರೈಲು ಲಾಭ ಮಾಡಿದರೆ ಸರಿ, ಮಾಡದಿದ್ದರೆ ಕಡಿಮೆ ಬಿದ್ದದ್ದನ್ನು ಭಾರತದ ಬೊಕ್ಕಸ ತುಂಬಿಕೊಡಬೇಕು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಗಾಡಿ 34 ಕಿಲೋಮೀಟರ್ ಓಡಿ ಥಾಣೆ ಮುಟ್ಟಿತು. ಹದಿನಾಲ್ಕು ಡಬ್ಬಿ, ಮೂರು ಎಂಜಿನ್, ಸುಮಾರು ನಾನೂರು ಆಹ್ವಾನಿತರು. ಮರುವರ್ಷ ಮೇ 1ಕ್ಕೆ ಹಳಿ ಥಾಣೆಯ ಖಾಡಿ ದಾಟಿ ಕಲ್ಯಾಣ್‌ಗೆ ಬಂತು. ಮುಂದೆ ಅಲ್ಲಿಂದ ಒಂದು ಕವಲು ಭೋರ್ ಘಾಟ್ ಹತ್ತಿ ಪುಣೆಯತ್ತ, ಇನ್ನೊಂದು ಥಳ್ ಘಾಟ್ ಹತ್ತಿ ನಾಸಿಕದತ್ತ ಹೋದವು. ಕಲ್ಯಾಣ್ ಜಂಕ್ಷನ್ ಆದದ್ದು ಹೀಗೆ.

ಶಾಲೆಯ ಪಾಠದಲ್ಲಿ ಮೊದಲ ರೈಲಿನ ತೋಪುಗಳ ಸದ್ದು ಕೇಳಿಸುತ್ತದೆ, ಐದು ಪರ್ಸೆಂಟಿನ ಮಾತು ಬರುವುದಿಲ್ಲ. ಆದರೆ ದಾದಾಭಾಯಿ ನವರೋಜಿ ಅವರಂಥವರು ದೇಶದ ಸಂಪತ್ತು ಹೊರಗೆ ಹರಿಯುವ ಲೆಕ್ಕ ತೆಗೆದಾಗ ರೈಲಿನ ಬಡ್ಡಿಯೂ ಅದರಲ್ಲಿ ಸೇರಿತ್ತು. ಲಾಭ ಖಾತರಿ ಇದ್ದ ಕಂಪನಿಗೆ ಖರ್ಚು ಹಿಡಿದಿಡುವ ದರ್ದು ಇರಲಿಲ್ಲ. ರೈಲು ಹತ್ತದ ರೈತನೂ ಉಪ್ಪಿನ ಮೇಲೆ, ಭೂಮಿಯ ಮೇಲೆ ಕಟ್ಟಿದ ತೆರಿಗೆಯಲ್ಲಿ ಆ ಬಡ್ಡಿಯ ಪಾಲು ಕೊಡುತ್ತಿದ್ದ. ಸಾರಿಗೆಯ ಹಣಕಾಸಿನ ಹಳೆಯ ಪಾಠ ಇದು: ನಷ್ಟವನ್ನು ಯಾರು ಹೊರುತ್ತಾರೆ ಎಂಬುದು ಮೊದಲ ದಿನವೇ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ.

ಉದ್ದದ ಊರಿನ ಕಷ್ಟ

ಹಳಿ ಬಂದ ಮೇಲೆ ಮುಂಬಯಿ ಹಳಿಯ ಗುಂಟ ಬೆಳೆಯಿತು. ದಕ್ಷಿಣದ ತುದಿಯಲ್ಲಿ ಕಚೇರಿ, ಬಂದರು, ಬ್ಯಾಂಕು. ಉತ್ತರಕ್ಕೆ ಮನೆ. ಬೆಳಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ. ತುಂಬಿ ಹೋದ ಗಾಡಿ ಹೆಚ್ಚುಕಡಿಮೆ ಖಾಲಿಯಾಗಿ ಮರಳುತ್ತದೆ. ಇದು ಅರ್ಥಶಾಸ್ತ್ರದ ಕಣ್ಣಿನಲ್ಲೂ ದುಂದು, ಮನುಷ್ಯರ ಮಟ್ಟಿಗೂ ಹಿಂಸೆ.

ಸ್ವಾತಂತ್ರ್ಯ ಬಂದ ಹತ್ತು ವರ್ಷದಲ್ಲೇ ಇದು ಸರಕಾರಕ್ಕೆ ಗೊತ್ತಾಗಿತ್ತು. ಎಸ್.ಜಿ. ಬರ್ವೆ ಅವರ ಅಧ್ಯಕ್ಷತೆಯ ಅಧ್ಯಯನ ತಂಡ 1959ರಲ್ಲಿ ಕೊಟ್ಟ ವರದಿ, ಥಾಣೆ ಖಾಡಿಯ ಮೇಲೆ ರೈಲೂ ರಸ್ತೆಯೂ ಇರುವ ಸೇತುವೆ ಕಟ್ಟಿ ಊರು ಪೂರ್ವದ ಒಳನಾಡಿಗೆ ಹರಡಲಿ ಎಂದು ಹೇಳಿತು. ಆಮೇಲೆ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡಗೀಳ್ ಅವರ ಸಮಿತಿ, ಮುಂಬಯಿಯನ್ನು ಒಂದು ಊರಾಗಿ ನೋಡಿದರೆ ಸಾಲದು, ಸುತ್ತಲಿನ ಪ್ರದೇಶವನ್ನೆಲ್ಲ ಸೇರಿಸಿ ಯೋಜಿಸಬೇಕು ಎಂದಿತು.

ಶಿರೀಷ್ ಪಟೇಲ್ ಈ ಚರ್ಚೆಗೆ ಬಂದದ್ದು ಹೊರಗಿನಿಂದ. ಕೇಂಬ್ರಿಡ್ಜ್‌ನಲ್ಲಿ ಓದಿ, ಆಫ್ರಿಕಾದ ಕರೀಬಾ ಅಣೆಕಟ್ಟಿನಲ್ಲಿ ಕೆಲಸ ಮಾಡಿ ಬಂದ ಸಿವಿಲ್ ಎಂಜಿನಿಯರ್ ಅವರು. 1965ರಲ್ಲಿ ತೆರೆದ ಕೆಂಪ್ಸ್ ಕಾರ್ನರ್ ಫ್ಲೈಓವರ್ ಅವರ ಕೆಲಸ. ದೇಶದ ಮೊಟ್ಟಮೊದಲ ಫ್ಲೈಓವರುಗಳಲ್ಲಿ ಅದೊಂದು. ಅದೇ ವರ್ಷ ಮುಲ್ಕ್ ರಾಜ್ ಆನಂದ್ ಸಂಪಾದಿಸುತ್ತಿದ್ದ 'ಮಾರ್ಗ್' ಪತ್ರಿಕೆಯಲ್ಲಿ ಅವರೂ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ ಅವರೂ ಸೇರಿ ಒಂದು ಪ್ರಸ್ತಾಪ ಮುಂದಿಟ್ಟರು. ಮುಂಬಯಿಯನ್ನು ಇನ್ನೂ ಉತ್ತರಕ್ಕೆ ಎಳೆಯಬೇಡಿ, ಬಂದರಿನ ಆಚೆ ದಡದಲ್ಲಿ ಇನ್ನೊಂದು ಊರು ಕಟ್ಟಿ, ಕೆಲಸಗಳನ್ನೇ ಅಲ್ಲಿಗೆ ಒಯ್ಯಿರಿ ಎಂಬುದು ಅದರ ತಿರುಳು. ಒಂದು ಕೈಯಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಮನುಷ್ಯ ಇನ್ನೊಂದು ಕೈಯಲ್ಲಿ, ಈ ಊರಿನ ಕಷ್ಟ ಫ್ಲೈಓವರಿನಿಂದ ತೀರುವಂಥದ್ದಲ್ಲ ಎಂದು ಬರೆಯುತ್ತಿದ್ದರು.

ಮೂವರೂ ಸರಕಾರಿ ನೌಕರರಲ್ಲ. ಮೂವತ್ತು ದಾಟಿದ ವೃತ್ತಿಪರರು, ಅಷ್ಟೇ. ಆದರೂ ಸರಕಾರ ಆ ಮಾತು ಕೇಳಿತು. 1970ರ ಮಾರ್ಚ್ 17ರಂದು ಸಿಡ್ಕೋ ಎಂಬ ನಿಗಮ ಹುಟ್ಟಿತು. ಜೆ.ಬಿ. ಡಿಸೋಜಾ ಮೊದಲ ವ್ಯವಸ್ಥಾಪಕ ನಿರ್ದೇಶಕರು, ಕೊರಿಯಾ ಮುಖ್ಯ ವಾಸ್ತುಶಿಲ್ಪಿ, ಪಟೇಲ್ ಯೋಜನೆ ಮತ್ತು ಕಾಮಗಾರಿಯ ನಿರ್ದೇಶಕರು. 344 ಚದರ ಕಿಲೋಮೀಟರ್, 95 ಹಳ್ಳಿ. ಎದುರಿಗೆ ಉಪ್ಪಿನ ಗದ್ದೆ, ಭತ್ತದ ಗದ್ದೆ, ಮೀನುಗಾರರ ಕೇರಿ. ಕಿಸೆಯಲ್ಲಿ ಹೆಚ್ಚು ದುಡ್ಡಿಲ್ಲ.

ಭೂಮಿಯೇ ಬಂಡವಾಳ

ದುಡ್ಡಿಲ್ಲದೆ ಊರು ಕಟ್ಟುವುದು ಹೇಗೆ? ಸಿಡ್ಕೋದ ಉತ್ತರ ಸರಳವಾಗಿತ್ತು. ಗದ್ದೆಯನ್ನು ಗದ್ದೆಯ ಬೆಲೆಗೆ ಕೊಳ್ಳುವುದು. ಅಲ್ಲಿಗೆ ರಸ್ತೆ, ನೀರು, ಚರಂಡಿ ಒದಗಿಸುವುದು. ಆಗ ಅದು ಗದ್ದೆಯಾಗಿ ಉಳಿಯುವುದಿಲ್ಲ, ಪ್ಲಾಟ್ ಆಗುತ್ತದೆ. ಅದನ್ನು ಪ್ಲಾಟಿನ ಬೆಲೆಗೆ ಗುತ್ತಿಗೆ ಕೊಡುವುದು. ಎರಡು ಬೆಲೆಗಳ ನಡುವಿನ ಅಂತರವೇ ಮುಂದಿನ ರಸ್ತೆಯ, ಶಾಲೆಯ, ಹಳಿಯ ಬಂಡವಾಳ.

ಹಿಂದಿನ ವಾದ ಹೀಗೆ. ರಸ್ತೆ ಬಂದರೆ ಪಕ್ಕದ ಜಾಗದ ಬೆಲೆ ಏರುತ್ತದೆ. ಆ ಏರಿಕೆಗೆ ಜಾಗದ ಒಡೆಯ ಬೆವರು ಸುರಿಸಿಲ್ಲ, ಊರಿನ ದುಡ್ಡಿನಿಂದ ಆದದ್ದು. ಹಾಗಿದ್ದರೆ ಅದು ಊರಿಗೇ ಮರಳಲಿ. ಮುಂಬಯಿಯಲ್ಲಿ ಆ ಲಾಭ ಬಿಲ್ಡರುಗಳ ಪಾಲಾಗುತ್ತಿದ್ದುದನ್ನು ಕಂಡವರಿಗೆ ಇದು ನ್ಯಾಯವಾಗಿಯೇ ಕಂಡಿತು.

ಊರಿನ ನಕ್ಷೆಯೂ ಈ ಲೆಕ್ಕಕ್ಕೆ ಹೊಂದಿಕೊಂಡಿತ್ತು. ಒಂದೇ ದೊಡ್ಡ ನಗರಕೇಂದ್ರದ ಬದಲು ದಾರದಲ್ಲಿ ಪೋಣಿಸಿದ ಮಣಿಗಳಂತೆ 'ನೋಡ್'ಗಳು: ವಾಶಿ, ನೆರೂಳ್, ಬೇಲಾಪುರ, ಐರೋಲಿ, ಪನ್ವೇಲ್. ಪ್ರತಿಯೊಂದಕ್ಕೂ ನಡುವೆ ಸ್ಟೇಷನ್, ಮನೆಯಿಂದ ನಡೆದೇ ಹೋಗುವಷ್ಟು ದೂರ. ಪೋಣಿಸುವ ದಾರ ರೈಲು.

ಆದರೆ ಮಣಿಗಳು ಬಂದವು, ದಾರ ಬರಲಿಲ್ಲ. 1959ರ ವರದಿ ರೈಲೂ ರಸ್ತೆಯೂ ಇರುವ ಸೇತುವೆ ಕೇಳಿತ್ತು. 1973ರಲ್ಲಿ ವಾಶಿಯ ಬಳಿ ತೆರೆದದ್ದು ರಸ್ತೆ ಸೇತುವೆ ಮಾತ್ರ. ಕಚೇರಿಗಳೂ ಬರಲಿಲ್ಲ. ಮಂತ್ರಾಲಯವೇ ಖಾಡಿ ದಾಟಿ ಬರಬೇಕು ಎಂಬುದು ಯೋಜಕರ ಆಸೆಯಾಗಿತ್ತು. ಆದರೆ ಅದೇ ವರ್ಷಗಳಲ್ಲಿ ಸರಕಾರ ಮುಂಬಯಿಯ ದಕ್ಷಿಣ ತುದಿಯಲ್ಲಿ, ನರಿಮನ್ ಪಾಯಿಂಟಿನಲ್ಲಿ, ಸಮುದ್ರ ತುಂಬಿಸಿ ಹೊಸ ಕಚೇರಿಗಳಿಗೆ ಜಾಗ ಮಾಡಿಕೊಟ್ಟಿತು. ಒಂದು ಕೈ ಊರನ್ನು ಪೂರ್ವಕ್ಕೆ ಎಳೆಯುತ್ತಿದ್ದರೆ ಇನ್ನೊಂದು ಕೈ ದಕ್ಷಿಣಕ್ಕೆ ಎಳೆಯುತ್ತಿತ್ತು. 1974ರಲ್ಲಿ ಪಟೇಲರೂ ಕೊರಿಯಾ ಅವರೂ ಸಿಡ್ಕೋ ಬಿಟ್ಟರು.

67 ಮತ್ತು 33

ರೈಲು ಯಾಕೆ ತಡವಾಯಿತು? ಖಾಡಿಯ ನೀರು ಎಂಜಿನಿಯರುಗಳಿಗೆ ದೊಡ್ಡ ಸವಾಲೇನೂ ಆಗಿರಲಿಲ್ಲ, 1854ರಲ್ಲೇ ದಾಟಿ ಆಗಿತ್ತು. ತೊಡಕಿದ್ದದ್ದು ಲೆಕ್ಕದ ಪುಸ್ತಕದಲ್ಲಿ. ಲೋಕಲ್ ರೈಲಿನ ಪಾಸು ಅಗ್ಗ. ರೈಲ್ವೆಯ ದೃಷ್ಟಿಯಲ್ಲಿ ಉಪನಗರ ಸೇವೆ ಎಂದರೆ ನಷ್ಟದ ಬಾಬ್ತು. ಕಲ್ಲಿದ್ದಲು ಸಾಗಿಸಿದರೆ ದುಡ್ಡು, ಗುಮಾಸ್ತರನ್ನು ಸಾಗಿಸಿದರೆ ನಷ್ಟ. ಇಡೀ ದೇಶದ ರೈಲ್ವೆ ಬಜೆಟ್ಟಿನಿಂದ ಒಂದು ರಾಜ್ಯದ ಹೊಸ ಊರಿಗೆ ಹಳಿ ಯಾಕೆ ಹಾಕಬೇಕು ಎಂಬುದು ದಿಲ್ಲಿಯ ಪ್ರಶ್ನೆ. ಹಳಿ ಬಂದರೆ ಏರುವ ಭೂಮಿಯ ಬೆಲೆಯಲ್ಲಿ ರೈಲ್ವೆಗೆ ಬಿಡಿಗಾಸೂ ಇಲ್ಲ.

ಆ ಕಗ್ಗಂಟನ್ನು ಬಿಡಿಸಿದ್ದು 1980ರ ದಶಕದ ಒಂದು ಒಪ್ಪಂದ. ಮಾನ್‌ಖುರ್ದ್–ಬೇಲಾಪುರ ಮಾರ್ಗದ ಖರ್ಚಿನಲ್ಲಿ ಶೇಕಡಾ 67 ಸಿಡ್ಕೋ, ಶೇಕಡಾ 33 ರೈಲ್ವೆ. ಯಾರ ಭೂಮಿಯ ಬೆಲೆ ಏರುತ್ತದೋ ಅವರೇ ಹಳಿಯ ಮೂರರಲ್ಲಿ ಎರಡು ಪಾಲು ಕೊಡುವುದು. ಆ ಹಣ ಮರಳಲು ಟಿಕೆಟ್ಟಿನ ಮೇಲೆ ಸರ್‌ಚಾರ್ಜ್. ಜೊತೆಗೆ ಸ್ಟೇಷನ್ನುಗಳ ಮೇಲೂ ಪಕ್ಕದಲ್ಲೂ ಕಚೇರಿ, ಅಂಗಡಿ ಕಟ್ಟಿ ಬಾಡಿಗೆಗೆ ಕೊಡುವ ಹಕ್ಕು. ನವಿ ಮುಂಬಯಿಯ ಸ್ಟೇಷನ್ನುಗಳು ಲೋಕಲ್ ಸ್ಟೇಷನ್ನಿನಂತೆ ಕಾಣದೆ ಮಾಲ್‌ಗಳಂತೆ ಭಾರಿಯಾಗಿ ಕಾಣುವುದಕ್ಕೆ ಈ ಲೆಕ್ಕಾಚಾರವೇ ಕಾರಣ.

1992ರ ಮೇ 9ರಂದು ಮಾನ್‌ಖುರ್ದಿನಿಂದ ರೈಲು ಖಾಡಿ ದಾಟಿ ವಾಶಿಗೆ ಬಂತು. 1959ರಿಂದ ಲೆಕ್ಕ ಹಿಡಿದರೆ ರಸ್ತೆಗೆ ಹಿಡಿದದ್ದು ಹದಿನಾಲ್ಕು ವರ್ಷ, ರೈಲಿಗೆ ಮೂವತ್ತಮೂರು ವರ್ಷ. ಥಾಣೆಯಿಂದ ವಾಶಿಗೆ ನೇರ ಲೋಕಲ್ ಬಂದದ್ದು 2004ರ ನವೆಂಬರಿನಲ್ಲಿ. ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳು ಅಷ್ಟರಲ್ಲಿ ಒಂದು ತಲೆಮಾರಿನ ಕಾರ್ಮಿಕರನ್ನು ನಿವೃತ್ತಿಗೆ ಕಳಿಸಿಯಾಗಿತ್ತು.

ಕರ್ನಾಟಕದ ಓದುಗರಿಗೆ ಈ ಪಾಲುಗಾರಿಕೆ ಹೊಸದಲ್ಲ. ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ರಾಜ್ಯ ಅರ್ಧ ಖರ್ಚು ಕೊಟ್ಟು ಜಾಗವನ್ನೂ ಕೊಡಲು ಒಪ್ಪಿತು. 2020ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರು ಉಪನಗರ ರೈಲಿಗೆ, 148 ಕಿಲೋಮೀಟರಿಗೆ 15,767 ಕೋಟಿಯ ಅಂದಾಜಿನಲ್ಲಿ, ರಾಜ್ಯ ಮತ್ತು ಕೇಂದ್ರ ತಲಾ ಶೇಕಡಾ 20, ಉಳಿದದ್ದು ಸಾಲ. ಇವಕ್ಕೆಲ್ಲ ಮುಂಚೆ ಕೊಂಕಣ ರೈಲ್ವೆ ಇದೆ. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಅದಕ್ಕಾಗಿಯೇ ಬೇರೆ ನಿಗಮ ಹುಟ್ಟಿತು. ರೈಲ್ವೆಗೆ ಶೇಕಡಾ 51 ಪಾಲು, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾಕ್ಕೂ ಕೇರಳಕ್ಕೂ ತಲಾ 6. ಹೆಚ್ಚಿನ ಹಣ ಬಾಂಡ್ ಮಾರಿ ಎತ್ತಿದ್ದು. ಆ ಸಾಲ ತೀರಿಸಲು ನಿಜವಾದ ದೂರಕ್ಕಿಂತ ಹೆಚ್ಚು ಕಿಲೋಮೀಟರ್ ಲೆಕ್ಕ ಹಿಡಿದು ಟಿಕೆಟ್ ದರ ಹಾಕಿದರು. ಆ ನಿಗಮದ ಕೇಂದ್ರ ಕಚೇರಿ ಇರುವುದೂ ಬೇಲಾಪುರದಲ್ಲೇ. 1998ರಿಂದ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವ ಕರಾವಳಿಯ ಕುಟುಂಬಗಳು ಟಿಕೆಟ್ಟಿನಲ್ಲಿ ಆ ಬಾಂಡಿನ ಬಡ್ಡಿಯ ಒಂದು ಚೂರನ್ನೂ ಕಟ್ಟಿವೆ.

ಗದ್ದೆಯ ಬೆಲೆ

ಭೂಮಿಯೇ ಬಂಡವಾಳ ಎಂದಾಗ ಒಂದು ಪ್ರಶ್ನೆ ಉಳಿಯುತ್ತದೆ: ಅದು ಯಾರ ಭೂಮಿ?

95 ಹಳ್ಳಿಗಳ ಆಗ್ರಿ, ಕೋಳಿ ಸಮುದಾಯದವರಿಗೆ ಗದ್ದೆ, ಉಪ್ಪು, ಮೀನು ಮೂರೇ ಆಧಾರ. ಅವರಿಗೆ ಸಿಕ್ಕದ್ದು ಗದ್ದೆಯ ಬೆಲೆ. ಕಣ್ಣೆದುರಿಗೆ ಅದೇ ಜಾಗ ಪ್ಲಾಟಾಗಿ ಹತ್ತಾರು ಪಟ್ಟು ಬೆಲೆಗೆ ಹೋಗುತ್ತಿತ್ತು. ಬೆಲೆಯ ಅಂತರ ಊರಿಗೆ ಸೇರಬೇಕು ಎಂಬ ವಾದ ಕೇಳಲು ಚೆಂದ. ಆದರೆ ಆ 'ಊರು' ಎಂಬುದರಲ್ಲಿ ತಾವು ಇದ್ದೇವೆಯೇ ಎಂದು ಅವರು ಕೇಳಿದರು. ಶೇತ್ಕರಿ ಕಾಮ್ಗಾರ್ ಪಕ್ಷದ ದಿ.ಬಾ. ಪಾಟೀಲ್ ಆ ಪ್ರಶ್ನೆಯನ್ನು ಬೀದಿಗೆ ತಂದರು. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಸುತ್ತಮುತ್ತ ಚಳವಳಿಯ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. ಐವರು ರೈತರು ಸತ್ತರು.

ಆಮೇಲೆ ಬಂದದ್ದು 'ಸಾಡೇಬಾರಾ ಟಕ್ಕೆ'. ಭೂಮಿ ಕಳೆದುಕೊಂಡವರಿಗೆ ಅವರು ಕೊಟ್ಟ ಜಾಗದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ಪ್ಲಾಟಿನ ರೂಪದಲ್ಲಿ ಮರಳಿ ಕೊಡುವ ಯೋಜನೆ. ಏರಿದ ಬೆಲೆಯಲ್ಲಿ ಮೊದಲ ಒಡೆಯನಿಗೂ ಒಂದು ಪಾಲು ಇದೆ ಎಂದು ಒಪ್ಪಿಕೊಂಡ ಹಾಗಾಯಿತು. ಇಂದು ದೇಶದಲ್ಲಿ ಎಲ್ಲಿಯೇ ವಿಮಾನ ನಿಲ್ದಾಣಕ್ಕೋ ಹೊಸ ಬಡಾವಣೆಗೋ ಭೂಮಿ ಕೇಳಿದರೂ ರೈತರು ಅಭಿವೃದ್ಧಿಯಾದ ಜಾಗದಲ್ಲಿ ಪಾಲು ಕೇಳುತ್ತಾರೆ. ಅದರ ಒಂದು ಬೇರು ಇಲ್ಲಿದೆ. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ದಿ.ಬಾ. ಪಾಟೀಲರ ಹೆಸರೇ ಇರಬೇಕು ಎಂದು ಹಳ್ಳಿಗರು ಹಟ ಹಿಡಿದದ್ದು ಬರಿಯ ಅಭಿಮಾನದ ಮಾತಲ್ಲ. ಆ ಊರಿನ ಮೊದಲ ಬಂಡವಾಳ ತಮ್ಮದು ಎಂಬ ದಾಖಲೆ ಅದು.

ಇನ್ನೂ ಒಂದು ತೊಡಕು ನಿಧಾನಕ್ಕೆ ಕಾಣಿಸಿತು. ಹಳಿಯ ಖರ್ಚು ಭೂಮಿಯ ಮಾರಾಟದಿಂದ ಬರಬೇಕಾದರೆ, ಭೂಮಿ ದುಬಾರಿಯಾದಷ್ಟೂ ನಿಗಮಕ್ಕೆ ಲಾಭ. ಬಡವರಿಗೆ ಮನೆ ಕಟ್ಟಬೇಕಾದ ಸಂಸ್ಥೆಯೇ ಬೆಲೆ ಏರಲಿ ಎಂದು ಕಾಯುವಂತಾಯಿತು. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ ಕಾರು ಇದ್ದವರಿಗೆ ಎಟುಕಿತು. ಅದು ಎಟುಕದವರು ಎಲ್ಲಿಗೆ ಹೋದರು?

ಡೊಂಬಿವಲಿಗೆ

ಹೋದದ್ದು ದಿವಾಕ್ಕೆ, ಡೊಂಬಿವಲಿಗೆ, ಕಲ್ಯಾಣ್‌ಗೆ, ಅದರಾಚೆಗೆ. 2011ರ ಜನಗಣತಿಯಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯ ಜನಸಂಖ್ಯೆ 11.2 ಲಕ್ಷ, ಕಲ್ಯಾಣ್–ಡೊಂಬಿವಲಿಯದು 12.5 ಲಕ್ಷ, ಥಾಣೆಯದು 18.4 ಲಕ್ಷ. ಒಂದೆಡೆ ದೇಶದ ಹೆಸರಾಂತ ಯೋಜಕರು ನಕ್ಷೆ ಬರೆದ ಊರು. ಇನ್ನೊಂದೆಡೆ ಯಾರೂ ಅಂಥ ನಕ್ಷೆ ಬರೆಯದ ಊರು. ಜನ ಹೆಚ್ಚು ಸೇರಿದ್ದು ನಕ್ಷೆ ಇಲ್ಲದಲ್ಲಿ. ಮನೆ ಅಗ್ಗ, ಸ್ಟೇಷನ್ ಇದೆ, ಲೋಕಲ್ ಸಿಗುತ್ತದೆ. ಮರಾಠಿಗರ ನಡುವೆ ಕನ್ನಡಿಗರೂ ಇಲ್ಲಿ ಬೇರು ಬಿಟ್ಟರು. ಫೋರ್ಟ್‌ನ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು–ಕಚೇರಿ ಸೇರಿದವರು ಸ್ವಂತ ಮನೆ ಎಂದು ಕಂಡದ್ದು ಹೆಚ್ಚಾಗಿ ಇಂಥ ಊರುಗಳಲ್ಲೇ.

ಡೊಂಬಿವಲಿಯಲ್ಲಿ ಭೂಮಿಯ ಬೆಲೆ ಏರಲಿಲ್ಲವೇ? ಏರಿತು. ಆದರೆ ಅಲ್ಲಿ ಆ ಏರಿಕೆಯನ್ನು ಹಿಡಿದು ಹಳಿಗೆ ಹಾಕುವ ಸಿಡ್ಕೋ ಇರಲಿಲ್ಲ. ಲಾಭ ಬಿಲ್ಡರಿಗೆ, ಜನಸಂದಣಿ ರೈಲಿಗೆ. ಒಂಬತ್ತು ಡಬ್ಬಿಯ ಗಾಡಿಗೆ ಸುಮಾರು 1,700 ಜನರ ಸಾಮರ್ಥ್ಯ. ಅದರಲ್ಲಿ ನಾಲ್ಕೂವರೆ ಸಾವಿರ ಮಂದಿ ತುರುಕಿಕೊಂಡು ಹೋಗುತ್ತಿದ್ದರು. ಒಂದು ಚದರ ಮೀಟರಿನಲ್ಲಿ ಹದಿನಾಲ್ಕರಿಂದ ಹದಿನಾರು ಮಂದಿ ನಿಂತಿರುವ ಈ ಸ್ಥಿತಿಗೆ ರೈಲ್ವೆಯವರೇ ಒಂದು ಹೆಸರಿಟ್ಟರು: ಸೂಪರ್ ಡೆನ್ಸ್ ಕ್ರಶ್ ಲೋಡ್.

ಇವರಿಗಾಗಿ ಬಂದದ್ದು ಮುಂಬಯಿ ನಗರ ಸಾರಿಗೆ ಯೋಜನೆ. 1999ರಲ್ಲಿ ಮುಂಬಯಿ ರೈಲ್ವೆ ವಿಕಾಸ ನಿಗಮ ಹುಟ್ಟಿತು. ಅದರಲ್ಲಿ ರೈಲ್ವೆಗೆ ಶೇಕಡಾ 51, ರಾಜ್ಯಕ್ಕೆ 49 ಪಾಲು. 2002ರಲ್ಲಿ ವಿಶ್ವಬ್ಯಾಂಕ್ 54.2 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಪ್ರಯಾಣಿಕರ ಟಿಕೆಟ್ಟಿನ ಮೇಲೆ ಮತ್ತೆ ಸರ್‌ಚಾರ್ಜ್. ಹಳಿಯ ಅಂಚಿನಲ್ಲೂ ರಸ್ತೆಯ ಅಂಚಿನಲ್ಲೂ ಗುಡಿಸಲು ಕಟ್ಟಿಕೊಂಡಿದ್ದ ಲಕ್ಷದಷ್ಟು ಜನರನ್ನು ಎಬ್ಬಿಸಿ ಬೇರೆಡೆ ಮನೆ ಕೊಟ್ಟರು. ಆ ಮರುವಸತಿಯ ದೂರುಗಳು ವಾಷಿಂಗ್ಟನ್ ತನಕ ಹೋಗಿ, 2006ರಲ್ಲಿ ಬ್ಯಾಂಕ್ ಕೆಲವು ತಿಂಗಳು ರಸ್ತೆ ಭಾಗದ ಹಣವನ್ನು ತಡೆಹಿಡಿದಿತ್ತು. ಥಾಣೆಯಿಂದ ದಿವಾದವರೆಗಿನ ಐದು ಮತ್ತು ಆರನೆಯ ಹಳಿಗಳು, ಲೋಕಲ್ ಮತ್ತು ದೂರದ ಗಾಡಿಗಳ ದಾರಿಯನ್ನು ಬೇರೆ ಮಾಡುವ ಆ ಹಳಿಗಳು, ಯೋಜನೆಯ ಎರಡನೆಯ ಹಂತಕ್ಕೆ ಸೇರಿ, ವರ್ಷಗಟ್ಟಲೆ ತಡವಾಗಿ, 2022ರ ಫೆಬ್ರವರಿಯಲ್ಲಿ ಮುಗಿದವು.

ಒಂದು ಗಂಟೆಗೆ ಎಷ್ಟು ರೂಪಾಯಿ?

ಇಷ್ಟು ಜನರಿಗೆ ಬೇಕಾದ ಹಳಿ ಸದಾ ಹಿಂದೆ ಬೀಳುವುದು ಯಾಕೆ? ದುಡ್ಡು ಇಲ್ಲ ಎಂಬ ಉತ್ತರ ಅರ್ಧ ಸತ್ಯ. 1996ರಲ್ಲಿ ರಸ್ತೆ ಅಭಿವೃದ್ಧಿ ನಿಗಮ ಹುಟ್ಟಿ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಹತ್ತಾರು ಫ್ಲೈಓವರುಗಳನ್ನು ಕಟ್ಟಿತು. ಅದರ ಹಣ ಮರಳಲು ಊರಿನ ಐದು ಬಾಗಿಲುಗಳಲ್ಲಿ ಟೋಲ್ ನಾಕೆ ಕೂತವು: ವಾಶಿ, ಐರೋಲಿ, ಮುಲುಂಡಿನಲ್ಲಿ ಎರಡು, ದಹಿಸರ್. 2024ರ ಅಕ್ಟೋಬರಿನಲ್ಲಿ, ಚುನಾವಣೆಗೆ ತುಸು ಮುಂಚೆ, ಸಣ್ಣ ವಾಹನಗಳಿಗೆ ಆ ಟೋಲನ್ನೂ ಮನ್ನಾ ಮಾಡಲಾಯಿತು. ಕಾರಿನವರ ಬಾಕಿ ಈಗ ಬೊಕ್ಕಸದ ಮೇಲೆ.

ಇನ್ನರ್ಧ ಕಾರಣ ಯೋಜನೆಗಳನ್ನು ತೂಗುವ ತಕ್ಕಡಿಯಲ್ಲಿದೆ. ಸಾರಿಗೆ ಯೋಜನೆಯ ಲಾಭ–ವೆಚ್ಚ ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ದೊಡ್ಡ ಲಾಭವೆಂದರೆ ಉಳಿದ ಸಮಯ. ಸಮಯವನ್ನು ರೂಪಾಯಿಗೆ ಪರಿವರ್ತಿಸಲು ವಾಡಿಕೆಯ ದಾರಿ ಪ್ರಯಾಣಿಕನ ಗಳಿಕೆ. ಉದಾಹರಣೆಗೆ ಒಂದು ಹಳಿಯಿಂದ 12,000 ಮಂದಿಗೆ ತಲಾ 20 ನಿಮಿಷ ಉಳಿಯಿತು ಎಂದಿಟ್ಟುಕೊಳ್ಳಿ. 4,000 ಗಂಟೆ. ಗಂಟೆಗೆ 60 ರೂಪಾಯಿಯಂತೆ 2.4 ಲಕ್ಷ. ಒಂದು ಸೇತುವೆಯಿಂದ ಕಾರಿನಲ್ಲಿ ಹೋಗುವ 1,200 ಮಂದಿಗೆ ಅಷ್ಟೇ ಸಮಯ ಉಳಿಯಿತು. 400 ಗಂಟೆ. ಅವರ ಗಂಟೆಗೆ 600 ರೂಪಾಯಿ ಹಿಡಿದರೆ ಅದೂ 2.4 ಲಕ್ಷ. ಕಾಗದದ ಮೇಲೆ ಎರಡೂ ಸಮ. ಹತ್ತು ಮಂದಿಯ ಬೆಳಗ್ಗೆ ಒಬ್ಬನ ಬೆಳಗ್ಗೆಗೆ ಸರಿ ಎಂದು ಒಪ್ಪಿಕೊಂಡಂತಾಯಿತು. ಇದನ್ನು ಅರಿತ ವಿಶ್ಲೇಷಕರು ಎಲ್ಲರ ಸಮಯಕ್ಕೂ ಒಂದೇ ಬೆಲೆ ಇಡುವುದುಂಟು. ಹಾಗೆ ಇಟ್ಟ ಕ್ಷಣ ಹಳಿಯ ಲಾಭ ಸೇತುವೆಯ ಹತ್ತು ಪಟ್ಟಾಗುತ್ತದೆ. ಅಂಕಿ ಬದಲಾಗಲಿಲ್ಲ, ಅದರ ಹಿಂದಿನ ನಂಬಿಕೆ ಬದಲಾಯಿತು.

ಶಿರೀಷ್ ಪಟೇಲ್ ಉಳಿದ ಆಯುಷ್ಯವನ್ನು ಕಳೆದದ್ದು ಇಂಥ ಲೆಕ್ಕಗಳನ್ನು ಬಿಡಿಸಿ ತೋರಿಸುವುದರಲ್ಲಿ. ಮನೆಸಾಲದ ಕಂಪನಿ ಎಚ್‌ಡಿಎಫ್‌ಸಿಯ ನಿರ್ದೇಶಕರಾಗಿ, ಸಾಧಾರಣ ಸಂಬಳದವನಿಗೆ ಎಷ್ಟು ದೊಡ್ಡ ಮನೆ ಎಟುಕುತ್ತದೆ ಎಂಬುದನ್ನು ಅವರು ಹತ್ತಿರದಿಂದ ಬಲ್ಲವರು. ಸಹೋದ್ಯೋಗಿಗಳ ಜೊತೆ 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದ ಲೇಖನದಲ್ಲಿ ಅವರು ಬಡಾವಣೆಯ ರಚನೆ, ಜನಸಾಂದ್ರತೆ, ನಗರಜೀವನದ ಗುಣಮಟ್ಟ ಮೂರನ್ನೂ ಒಟ್ಟಿಗೆ ನೋಡಿದರು. ಕಟ್ಟಡದ ಎತ್ತರ ಹೆಚ್ಚಿಸಲು ಅನುಮತಿ ಕೊಡುವಾಗ ಆ ಜನ ಇಳಿಯುವ ಬೀದಿ ಎಷ್ಟು ಅಗಲ, ಹತ್ತುವ ರೈಲು ಎಷ್ಟು ಎಂದು ಕೇಳಬೇಕು ಎಂಬುದು ಅವರ ನಿಲುವು. ಫ್ಲೈಓವರ್ ಕಟ್ಟಿ ಹೆಸರಾದ ಎಂಜಿನಿಯರ್ ಕೊನೆಗೆ ಮುಂಬಯಿಯ ಕಡಲಂಚಿನ ಕೋಸ್ಟಲ್ ರೋಡನ್ನು ವಿರೋಧಿಸಿದರು. ಆ ದುಡ್ಡು ಬಸ್ಸಿಗೆ, ರೈಲಿಗೆ ಹೋಗಬೇಕಾದದ್ದು ಎಂದರು.

ಮೂರು ನಿಲ್ದಾಣದ ದೂರ

ಹಣದ ದಾರಿಗಳು ಈಗ ಹೆಚ್ಚಿವೆ. 2022ರಿಂದ ಮುಂಬಯಿ, ಥಾಣೆ, ಪುಣೆ, ನಾಗಪುರಗಳಲ್ಲಿ ಮನೆ ನೋಂದಣಿಯ ಮುದ್ರಾಂಕ ಶುಲ್ಕದ ಜೊತೆಗೆ ಶೇಕಡಾ 1ರ ಮೆಟ್ರೋ ಸೆಸ್ ಇದೆ. ಭೂಮಿಯ ಬೆಲೆಯಿಂದಲೇ ಹಳಿಗೆ ಪಾಲು ತೆಗೆಯುವ ಸಿಡ್ಕೋದ ಯೋಚನೆ ಬೇರೆ ವೇಷದಲ್ಲಿ ಬಂದಿದೆ. ಥಾಣೆಗೆ, ಭಿವಂಡಿ–ಕಲ್ಯಾಣ್‌ಗೆ, ಕಲ್ಯಾಣ್‌ನಿಂದ ತಳೋಜಾಕ್ಕೆ ಮೆಟ್ರೋ ಕಂಬಗಳು ಎದ್ದಿವೆ, ಏಳುತ್ತಿವೆ. ನವಿ ಮುಂಬಯಿಯ ಮೊದಲ ಮೆಟ್ರೋ, ಬೇಲಾಪುರದಿಂದ ಪೇಂಧರಿಗೆ 11 ಕಿಲೋಮೀಟರ್, 2023ರ ನವೆಂಬರಿನಲ್ಲಿ ಓಡಿತು.

ಆದರೂ ಒಂದು ಸಣ್ಣ ತುಂಡು ಹಳಿಯ ಕತೆ ಉಳಿದಿದೆ. ಕಲ್ಯಾಣ್, ಡೊಂಬಿವಲಿಯಿಂದ ನವಿ ಮುಂಬಯಿಗೆ ಕೆಲಸಕ್ಕೆ ಹೋಗುವವರು ಇಂದಿಗೂ ಥಾಣೆಯಲ್ಲಿ ಇಳಿದು, ಮೇಲ್ಸೇತುವೆ ಹತ್ತಿ, ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ ಗಾಡಿ ಬದಲಿಸಬೇಕು. ಕಳವಾದಿಂದ ಐರೋಲಿಗೆ ಒಂದು ಎತ್ತರದ ಜೋಡಣೆ ಕಟ್ಟಿದರೆ ನೇರ ಹೋಗಬಹುದು. ಅದಕ್ಕೆ 2016ರಲ್ಲಿ ಮಂಜೂರಾತಿ ಸಿಕ್ಕಿತು. ಅಂದು ತೆರೆದ ದಿಘಾ ಗಾಂವ್ ಸ್ಟೇಷನ್ ಅದರದೇ ಒಂದು ಭಾಗ. ಸ್ಟೇಷನ್ ಬಂತು, ಜೋಡಣೆ ಬರಲಿಲ್ಲ. ಹಾದಿಯಲ್ಲಿರುವ ಗುಡಿಸಲುಗಳ ಕುಟುಂಬಗಳಿಗೆ ಎಲ್ಲಿ ಮನೆ ಕೊಡುವುದು, ಅದರ ಖರ್ಚು ಯಾರದು ಎಂಬಲ್ಲಿ ಕೆಲಸ ನಿಂತಿತು. ನಕ್ಷೆ ಇದ್ದ ಊರಿಗೂ ನಕ್ಷೆ ಇಲ್ಲದ ಊರಿಗೂ ನಡುವೆ ಉಳಿದಿರುವ ಅಂತರ ಕೆಲವೇ ಕಿಲೋಮೀಟರ್.

2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಸ್ಟೇಷನ್ನಿನ ಬಳಿ, ತಿರುವಿನಲ್ಲಿ, ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ಕೆಲವರು ಪ್ರಾಣ ಕಳೆದುಕೊಂಡರು. ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವಾಗ, ಗಾಡಿಯಿಂದ ಬಿದ್ದು. ಅವರೆಲ್ಲರ ಜೇಬಿನಲ್ಲಿ ಪಾಸು ಇದ್ದಿರಬಹುದು. ಸರ್‌ಚಾರ್ಜ್ ಕಟ್ಟಿದವರು, ತೆರಿಗೆ ಕಟ್ಟಿದವರು, ದೂರದ ಮನೆ ಕೊಂಡಾಗ ಮುದ್ರಾಂಕ ಶುಲ್ಕ ಕಟ್ಟಿದವರು. ಸಾರಿಗೆಗೆ ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ 1849ರಿಂದ ಹಲವು ಉತ್ತರಗಳು ಬಂದವು. ಬರಬೇಕಾದ ಹಣ ಬಾರದೆ ಹೋದಾಗ ಆ ಕೊರತೆಯನ್ನು ಯಾರೋ ತುಂಬಿಕೊಡಲೇಬೇಕಾಗುತ್ತದೆ. ಡೊಂಬಿವಲಿಯ 8ರ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರು ಅದನ್ನು ದಿನವೂ ತುಂಬುತ್ತಿದ್ದಾರೆ.